ವಲ್ಲಿಯ ಕೆಳಗಿನ ಕೈ

ಆದವಾನಿಯ ಹತ್ತಿ ಪೇಟೆಯಲ್ಲಿ ಮರಿಬಸಪ್ಪನನ್ನು ತಾಯಿ ಇಟ್ಟ ಹೆಸರಿನಿಂದ ಕರೆದವರು ಕಡಿಮೆ. ಪೇಟೆಗೆಲ್ಲ ಅವನು ಕಲ್ಲಪ್ಪ. ಬೆಲೆ ಕುದುರಿಸುವ ದಲಾಲಿಗೆ ಇದಕ್ಕಿಂತ ದೊಡ್ಡ ಬಿರುದನ್ನು ಯಾವ ದೊರೆಯೂ ಕೊಡಲಾರ.

ಆ ಕಾಲದಲ್ಲಿ ಹತ್ತಿಯ ಬೆಲೆಯನ್ನು ಬಾಯಿಂದ ಕೂಗುತ್ತಿರಲಿಲ್ಲ. ರೈತರ ಪರವಾಗಿ ದಲಾಲಿ ಒಂದು ಕಡೆ, ಖರೀದಿದಾರ ಇನ್ನೊಂದು ಕಡೆ ಕೂರಬೇಕು. ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಇಬ್ಬರ ಬಲಗೈ ಮೇಲೆ ಹೊದಿಸಬೇಕು. ಆ ಬಟ್ಟೆಯ ಮರೆಯಲ್ಲಿ ಬೆರಳು ಬೆರಳನ್ನು ಹಿಡಿದು ಮಾತಾಡಬೇಕು. ಒಂದು ಬೆರಳು ಹಿಡಿದರೆ ಒಂದು, ನಾಲ್ಕು ಹಿಡಿದರೆ ನಾಲ್ಕು, ಅಂಗೈಯಲ್ಲಿ ಉಗುರು ಗೀರಿದರೆ ಒಲ್ಲೆ, ಅಂಗೈ ಒತ್ತಿದರೆ ಆಯಿತು. ಸುತ್ತ ನೆರೆದ ನೂರು ಕಣ್ಣು ನೋಡುವುದು ಮುಖವನ್ನು. ಹುಬ್ಬು ಹಾರಿದರೆ ಕೆಟ್ಟಿತು, ತುಟಿ ಒಣಗಿದರೆ ಕೆಟ್ಟಿತು. ಇನ್ನೂ ಒಂದು ಕಟ್ಟುಪಾಡಿತ್ತು. ವಲ್ಲಿಯ ಕೆಳಗೆ ಇಟ್ಟ ಕೈಯನ್ನು ಬೆಲೆ ಮುಗಿಯುವ ಮುನ್ನ ತೆಗೆಯಬಾರದು. ತೆಗೆದವನು ಎದುರಿನವನ ಮುಖಕ್ಕೆ ಉಗುಳಿದ ಹಾಗೆ. ವ್ಯಾಪಾರ ಮುರಿಯಿತು, ಅವನ ಕೈಗೆ ಮತ್ತೆ ಯಾರೂ ಕೈ ಕೊಡುವುದಿಲ್ಲ.

ಈ ವಿದ್ಯೆಯನ್ನು ಅವನಿಗೆ ಕಲಿಸಿದವನು ಹಳೆಯ ದಲಾಲಿ ಉಚ್ಚೀರಪ್ಪ. ಹೊಸದರಲ್ಲಿ ವಲ್ಲಿ ಹೊದಿಸಿ, ಶಿಷ್ಯನ ಕಿರುಬೆರಳನ್ನು ಮುರಿಯುವ ಹಾಗೆ ತಿರುಚುತ್ತಿದ್ದ. ಮರಿಬಸಪ್ಪನ ಮುಖ ಹಿಂಡಿಕೊಂಡರೆ ಬೈಗುಳದ ಮಳೆ.

“ಲೇ, ನಿನ್ನ ಮಾರಿ ಏನು ಅಂಗಡಿ ಬಾಗಲೇನು, ಬಂದೋರಿಗೆಲ್ಲ ತೆರದಿಡಾಕ? ಮುಚ್ಚಲೇ! ಕೈ ಎಚ್ಚರಿರಬೇಕು, ಮಾರಿ ಮಕ್ಕೊಂಡಿರಬೇಕು.”

ಮರಿಬಸಪ್ಪನ ಮುಖ ಮಲಗಿತು. ಎಂಥ ನಿದ್ದೆ ಅಂದರೆ, ಪೇಟೆಯಲ್ಲಿ ಗಾದೆಯೇ ಹುಟ್ಟಿತು: “ಕಲ್ಲಪ್ಪನ ಮಾರಿ ನೋಡಿ ಬೆಲಿ ಹೇಳೋನು ರಣಮಂಡಲ ಗುಡ್ಡಕ್ಕ ಜ್ವರ ಬಂದೈತೇನು ನೋಡಿ ಬರ್ತಾನ.” ತೆಲುಗು ಕಡೆಯ ವರ್ತಕರಂತೂ “ಏಮಯ್ಯಾ, ನೀ ಮೊಹಂಲೋ ರಕ್ತಂ ಉಂದಾ ಲೇದಾ?” ಎಂದು, ಮುಖದಲ್ಲಿ ರಕ್ತ ಇದೆಯೋ ಇಲ್ಲವೋ ತಿಳಿಯಲು ಕೆನ್ನೆ ಚಿವುಟಿ ನೋಡುತ್ತಿದ್ದರು. ಅದಕ್ಕೂ ಅವನು ನಗುತ್ತಿರಲಿಲ್ಲ.

ಅವನ ಹೆಂಡತಿ ಗುರುಲಿಂಗಮ್ಮ ನಂದವರಂ ಕಡೆಯವಳು. ತುಂಬಿದ ಮನೆಗೆ ಸೊಸೆಯಾಗಿ ಬಂದವಳು. ಅತ್ತೆ ಮಾವನ ಎದುರು ಗಂಡನ ಜೋಡಿ ಮಾತಾಡುವ ಹಾಗಿರಲಿಲ್ಲ. ಆಗ ಮರಿಬಸಪ್ಪ ತನ್ನ ಕಸಬಿನ ಗುಟ್ಟನ್ನು ಅವಳಿಗೆ ಕಲಿಸಿದ. ಅಂಗಳದಲ್ಲಿ ಕೂತು ಹತ್ತಿಯ ಕಸ ಆರಿಸುವಾಗ ವಲ್ಲಿಯನ್ನು ಇಬ್ಬರ ನಡುವೆ ಬೀಳಿಸುವನು. ಅದರ ಕೆಳಗೆ ಎರಡು ಬೆರಳು ಹಿಡಿದರೆ ಎರಡು ರೊಟ್ಟಿ ಸಾಕು ಎಂದು. ಕಿರುಬೆರಳು ಹಿಡಿದರೆ ಸಂತೆಗೆ ಹೋಗೋಣ ಎಂದು. ಅವಳು ಉಗುರು ಗೀರಿದರೆ, ಅತ್ತೆ ನೋಡುತ್ತಿದ್ದಾಳೆ, ಕೈ ತೆಗೆ ಎಂದು. ಗುರುಲಿಂಗಮ್ಮನಿಗೆ ನಗು ತಡೆಯಲು ಬರುತ್ತಿರಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡುವಳು. ಮರಿಬಸಪ್ಪ ಏನೂ ಆಗದವನ ಹಾಗೆ ಹತ್ತಿ ಆರಿಸುತ್ತ ಕೂತಿರುವನು. “ಈ ಹುಡುಗಿಗೆ ಏನಾಗೇತೋ, ಒಬ್ಬಾಕೀನ ನಗ್ತಾಳ” ಎಂದು ಅತ್ತೆ ಗೊಣಗುವಳು.

ಕಾಲ ಸರಿಯಿತು. ಅತ್ತೆ ಮಾವ ಮಣ್ಣಾದರು. ತಡವಾಗಿ ಒಂದು ಗಂಡು ಕೂಸು ಹುಟ್ಟಿತು. ತಾತನ ಹೆಸರು ಇಟ್ಟರು, ಮಲ್ಲಯ್ಯ. ಕರೆಯುವುದು ಮಲ್ಲ. ಅಪ್ಪನ ಮುಖವನ್ನು ಎರಡು ಕೈಯಲ್ಲಿ ಹಿಡಿದು ತುಟಿ ಎಳೆದು ನಗಿಸಲು ನೋಡುವುದೇ ಆ ಹುಡುಗನ ಆಟ.

ಮಲ್ಲನಿಗೆ ನಾಲ್ಕು ತುಂಬಿದ ವರ್ಷ ಊರಿಗೆ ವಾಂತಿಭೇದಿ ಬಂತು. ಲೋಕವೆಲ್ಲ ಯುದ್ಧಕ್ಕೆ ಬಿದ್ದ ದೊಡ್ಡ ಲಡಾಯಿ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಒಂದು ಬೆಳಿಗ್ಗೆ ಹುಡುಗನಿಗೆ ಹೊಟ್ಟೆ ಕೆಟ್ಟಿತು. ಆದರೆ ಬೆಲ್ಲದ ನೀರು ಕುಡಿದು ನಕ್ಕ. ಅವತ್ತು ಪೇಟೆಗೆ ಬೊಂಬಾಯಿ ಕಡೆಯ ಖರೀದಿದಾರ ಬಂದಿದ್ದ. ಗೋವಿಂದಪ್ಪ ಎನ್ನುವ ರೈತ ತನ್ನದೂ ತನ್ನ ಊರವರದೂ ಸೇರಿ ಸಾಲು ಬಂಡಿ ಹತ್ತಿ ತಂದು, ಮರಿಬಸಪ್ಪನನ್ನೇ ನಂಬಿ ಕಾಯುತ್ತಿದ್ದ. ಮರಿಬಸಪ್ಪ ಹೋಗಿ ವಲ್ಲಿ ಹೊದಿಸಿ ಕೈ ಇಟ್ಟ.

ಹೊತ್ತು ನೆತ್ತಿಗೆ ಬಂದಾಗ ಪಕ್ಕದ ಮನೆಯ ದಸ್ತಗಿರಮ್ಮ ಓಡಿ ಬಂದಳು. ಹತ್ತಿ ಹಿಂಜಿ ಗಾದಿ ತುಂಬುವ ಪಿಂಜಾರರ ಹೆಂಗಸು. ತಲೆಯ ತುಂಬ ಹತ್ತಿಯ ಎಳೆ ಅಂಟಿತ್ತು.

“ಯಣ್ಣಾ! ಮಲ್ಲಗ ಜಾಸ್ತಿ ಆಗೈತಿ. ಅಕ್ಕ ಕರಿಯಾಕತ್ತಾಳ, ಈಗಿಂದೀಗ ಏಳು!”

ಮರಿಬಸಪ್ಪ ತಿರುಗಿ ನೋಡಿದ. ವಲ್ಲಿಯ ಕೆಳಗೆ ಖರೀದಿದಾರನ ಬೆರಳು ಅವನ ಬೆರಳನ್ನು ಹಿಡಿದಿತ್ತು. ಇನ್ನೇನು ಮುಗಿಯಿತು, ಒಂದು ಬೆರಳಿನ ಮಾತು, ಎಂದಿತು ತಲೆ. ಓಡು ಎಂದು ಎದೆ ಬಡಿದುಕೊಂಡಿತು. ಕೈ ಮಾತ್ರ ಇಬ್ಬರನ್ನೂ ಕೇಳದೆ ತನ್ನ ಕೆಲಸ ತಾನು ಮಾಡುತ್ತಿತ್ತು.

“ಬರ್ತೀನಿ, ನಡಿ” ಎಂದ. ಇನ್ನೊಂದು ರೊಟ್ಟಿ ಬೇಡ ಎನ್ನುವ ದನಿಯಲ್ಲಿ.

ಬೆಲೆ ಚೆನ್ನಾಗಿಯೇ ಕುದುರಿತು. ಗೋವಿಂದಪ್ಪ ಕಾಲು ಮುಟ್ಟಲು ಬಂದ. ಮರಿಬಸಪ್ಪ ಅವನನ್ನು ದಾಟಿ ಓಡಿದ. ಮನೆಯ ಮುಂದೆ ಹೆಂಗಸರು ನಿಂತಿದ್ದನ್ನು ನೋಡಿದ ಮೇಲೆ ಓಡುವುದನ್ನು ಬಿಟ್ಟು ನಡೆದ.

ಗುರುಲಿಂಗಮ್ಮ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ನಡುಮನೆಯ ಕಂಬಕ್ಕೆ ಒರಗಿದ್ದಳು. ಅವಳು ಅಳುತ್ತಿರಲಿಲ್ಲ. ಗಂಡನ ಮುಖವನ್ನೇ ನೋಡುತ್ತಿದ್ದಳು. ಕಳೆದದ್ದನ್ನು ಹುಡುಕುವ ಹಾಗೆ ಹಣೆ, ಕಣ್ಣು, ಗದ್ದ ಎಲ್ಲ ಹುಡುಕಿದಳು.

“ಆವಾಗ ನಿಮ್ಮ ಮಾರಿ ಮ್ಯಾಲ ಏನೂ ಇರಲಿಲ್ಲಂತ, ದಸ್ತಗಿರಮ್ಮ ಹೇಳಿದ್ಲು. ನಾ ನಂಬಲಿಲ್ಲ. ಈಗ್ಲೂ ಏನೂ ಇಲ್ಲ” ಎಂದಳು.

ಅವನ ಎದೆಗೆ ಬೆಂಕಿ ಬಿದ್ದಿತ್ತು. ಹೊಗೆ ಹೋಗಲು ಕಿಂಡಿ ಇರಲಿಲ್ಲ. ಅಳಬೇಕೆಂದು ಬಾಯಿ ತೆರೆದ, ಆಕಳಿಕೆಯ ಹಾಗಾಯಿತು. ಗುರುಲಿಂಗಮ್ಮ ಮುಖ ತಿರುಗಿಸಿದಳು. ಅಂಗೈ ಅಗಲದ ಗುಣಿಯಲ್ಲಿ ವಿಭೂತಿ ಬಿಲ್ವಪತ್ರೆ ಹಾಕಿ, ಕೊರಳಿನ ಪುಟ್ಟ ಲಿಂಗದ ಸಮೇತ ಹುಡುಗನನ್ನು ಮಣ್ಣು ಮಾಡಿ ಬಂದರು. ಮಣ್ಣು ಹಾಕುವಾಗಲೂ ಕಲ್ಲಪ್ಪ ಕಲ್ಲೇ. “ಏನ್ ಗಂಡಸಪ್ಪಾ, ಗಟ್ಟಿ ಎದಿ” ಎಂದರು ಕೆಲವರು. “ಎದಿ ಇದ್ರ ತಾನ ಗಟ್ಟಿ” ಎಂದಳು ಎರ್ರಮ್ಮ ಎನ್ನುವ ಮುದುಕಿ, ಅವನಿಗೆ ಕೇಳಿಸಲಿ ಎಂದೇ.

ಅಲ್ಲಿಂದ ಆ ಮನೆಯಲ್ಲಿ ಮಾತು ಸತ್ತಿತು. ಗುರುಲಿಂಗಮ್ಮ ಗಂಡನಿಗೆ ಅಡುಗೆ ಮಾಡಿದಳು, ನೀರು ಕಾಸಿದಳು, ಧೋತರ ಒಗೆದಳು. ಹೇಳುವುದಿದ್ದರೆ ನಡುಮನೆಯ ಕಂಬಕ್ಕೆ ಹೇಳುವಳು.

“ಕಂಬಪ್ಪಾ, ರೊಟ್ಟಿ ಆಗ್ಯಾವ.”

“ಕಂಬಪ್ಪಾ, ಜೋಳ ತೀರ್ಯಾವ.”

ಮೊದಲು ಅದು ಸಿಟ್ಟಿನ ಮಾತು. ಬರಬರುತ್ತ ರೂಢಿ. ಸಿಟ್ಟಿಗಾದರೂ ಬಿಸಿ ಇರುತ್ತದೆ, ರೂಢಿ ತಣ್ಣಗೆ ಕೊಲ್ಲುತ್ತದೆ. ಮರಿಬಸಪ್ಪ ಪೇಟೆಗೆ ಹೋಗುತ್ತಿದ್ದ, ಬರುತ್ತಿದ್ದ. ರೈತರ ಬಂಡಿಗಳನ್ನು ನಡುದಾರಿಯಲ್ಲಿ ಬಿಟ್ಟು ಬರುವುದು ಹೇಗೆ, ಅದಕ್ಕೇ ಅವತ್ತು ಕೈ ತೆಗೆಯಲಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಆ ಮಾತು ತಲೆಗೆ ಒಪ್ಪುತ್ತಿತ್ತು. ರೊಟ್ಟಿ ಮಾತ್ರ ತಾಟಿನಲ್ಲೇ ಉಳಿಯುತ್ತಿತ್ತು. ಸುಮ್ಮನೆ ಕೂತಾಗಲೂ ಬಲಗೈಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಮಡಚಿ ಬಿಚ್ಚಿ, ಇಲ್ಲದ ಖರೀದಿದಾರನ ಜೋಡಿ ಬೆಲೆ ಮಾಡುತ್ತಿದ್ದವು.

ಲಡಾಯಿಯ ಕಾಲದ ಒಂದು ಶ್ರಾವಣದಲ್ಲಿ ರೇವಣಸಿದ್ದಯ್ಯ ಮನೆಗೆ ಬಂದ. ಮಾಧವರಂ ಕಡೆಯಿಂದ ವರ್ಷಕ್ಕೊಮ್ಮೆ ಭಿಕ್ಷೆಗೆ ಬರುವ ಜಂಗಮ, ಮನೆಯ ಅಯ್ಯ. ಒರಟು ಬಾಯಿಯವನು, ಹಿಂದೆ ಮುಂದೆ ನೋಡದೆ ಆಡುವವನು. ಮರಿಬಸಪ್ಪ ಪೂಜೆಗೆ ಕೂತಿದ್ದ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಕಣ್ಣಿನ ಎದುರು ಹಿಡಿದಿದ್ದ. ಬಲಗೈ ತೊಡೆಯ ಮೇಲೆ ಮಡಚಿ ಬಿಚ್ಚುತ್ತಿತ್ತು. ಅಯ್ಯ ಆ ಕೈ ನೋಡಿದ.

“ಏನೋ ಮರಿಬಸಪ್ಪಾ, ಲಿಂಗದ ಜೋಡೀನೂ ಬೆಲಿ ಮಾಡ್ತಿಯೇನು? ಎಷ್ಟಕ್ಕ ಬಂತು?”

“ಅದು ತಾನಾಗ ಆಡ್ತೈತ್ರಿ ಅಯ್ಯಾರ.”

ಒಳಗಿನಿಂದ ಗುರುಲಿಂಗಮ್ಮ ಕಂಬಕ್ಕೆ ಹೇಳಿದಳು: “ಕಂಬಪ್ಪಾ, ಅಯ್ಯಾರಿಗೆ ಕಾಲಿಗೆ ನೀರು ಕೊಡಬೇಕು.”

ರೇವಣಸಿದ್ದಯ್ಯ ಕಂಬ ನೋಡಿದ, ಗಂಡನನ್ನು ನೋಡಿದ. ಕಾಲು ತೊಳೆದುಕೊಂಡು ಬಂದು ಮರಿಬಸಪ್ಪನ ಎದುರು ಕೂತ.

“ಲಿಂಗ ಅಂಗೈಯಾಗ ಯಾಕ ಇಟ್ಕೊಂತೀವಿ ಗೊತ್ತೈತೇನು? ಗುಡಿಯಾಗ ಇಟ್ರ ಆಗ್ತಿದ್ದಿಲ್ಲೇನು? ಕೈ, ಕಣ್ಣು, ಮನಸು ಒಂದ ಕಡಿ ಬರಲಿ ಅಂತ. ನಿನ್ನ ಕೈ ಪ್ಯಾಟ್ಯಾಗ ಐತಿ. ಕಣ್ಣು ಎಲ್ಲೂ ಇಲ್ಲ. ಮನಸು ಆ ಸಣ್ಣ ಗುಣಿಯಾಗ ಐತಿ. ಒಬ್ಬ ಮನಿಶ್ಯಾನ್ನ ಮೂರು ಊರಾಗ ಹುಗಿದಂಗಾತು.”

“ಏನ್ ಮಾಡ್ಲಿರಿ?”

“ದೊಡ್ಡದೇನೂ ಮಾಡಬ್ಯಾಡ, ನಿನ್ನ ಕೈಲಾಗಂಗಿಲ್ಲ. ಸಣ್ಣದರಾಗ ಸುರು ಮಾಡು. ನೀರಡಿಕಿ ಆದ್ರ, ನನಗ ನೀರಡಿಕಿ ಆಗೈತಿ ಅಂತ ಬಾಯಿ ಬಿಟ್ಟು ಅನ್ನು. ಎದ್ದು ನೀರು ಕುಡಿ. ಸಿಟ್ಟು ಬಂದ್ರ, ಸಿಟ್ಟು ಬಂದೈತಿ ಅನ್ನು. ಒಳಗ ಇದ್ದದ್ದನ್ನ ಬಾಯಿ ಆಡಬೇಕು, ಬಾಯಿ ಆಡಿದ್ದನ್ನ ಕೈ ಮಾಡಬೇಕು.”

“ಯಾರ ಮುಂದ ಹೇಳ್ಲಿರಿ? ಆಕಿ ಮಾತಾಡಂಗಿಲ್ಲ.”

“ಆಕಿ ಕಂಬದ ಜೋಡಿ ಮಾತಾಡ್ತಾಳಲ್ಲ, ನಿನಗೇನು ಕಂಬ ಸಿಗಂಗಿಲ್ಲೇನು?”

ಅಯ್ಯ ಭಿಕ್ಷೆ ಮುಗಿಸಿ ಹೊರಟುಹೋದ. ಮರುದಿನ ಪೇಟೆಯಿಂದ ಬಂದ ಮರಿಬಸಪ್ಪ ಕಂಬದ ಎದುರು ಕಳ್ಳನ ಹಾಗೆ ನಿಂತ. ಆಕಡೆ ಈಕಡೆ ನೋಡಿದ.

“ಕಂಬಪ್ಪಾ, ನನಗ ನೀರಡಿಕಿ ಆಗೈತಿ.”

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವನು ಹೋಗಿ ತಾನೇ ನೀರು ಮೊಗೆದು ಕುಡಿದ. ರೊಟ್ಟಿಯ ಸದ್ದು ಮತ್ತೆ ಶುರುವಾಯಿತು.

ಹೀಗೆ ಒಂದು ಮನೆ, ಒಂದು ಕಂಬ, ಎರಡು ಕಡೆಯಿಂದ ಇಬ್ಬರ ಮಾತು. “ಕಂಬಪ್ಪಾ, ಇವತ್ತು ಪ್ಯಾಟ್ಯಾಗ ಅವಮಾನ ಆತು.” “ಕಂಬಪ್ಪಾ, ಯಾರೋ ಒಂದು ಕೂಸು ಅಪ್ಪನ ಹೆಗಲ ಮ್ಯಾಲ ಕುಂತು ಹೊಂಟಿತ್ತು. ಆ ಅಪ್ಪನ್ನ ನೋಡಿ ನನಗ ಹೊಟ್ಟಿಕಿಚ್ಚಾತು.” ಆ ಮಾತು ಆಡಿದ ದಿನ ತಾಟಿನಲ್ಲಿ ರೊಟ್ಟಿಯ ಜೋಡಿ ಅವನಿಗೆ ಇಷ್ಟವಾದ ಶೇಂಗಾದ ಹಿಂಡಿ ಬಂದಿತ್ತು. ದಸ್ತಗಿರಮ್ಮ ಗೋಡೆಯ ಆಚೆಯಿಂದ ಕೇಳಿಸಿಕೊಂಡು ನಗುವಳು: “ಇಬ್ಬರಿಗೂ ಹುಚ್ಚು ಹಿಡದೈತಿ. ಕಂಬಕ್ಕ ಪಾಪ ಕಿವಿ ನೋಯ್ತಿರಬೇಕು!”

ಬಲಗೈಯ ಆಟ ಸ್ವಲ್ಪ ಕಡಿಮೆಯಾಯಿತು. ಆದರೆ ಆಡಬೇಕಾದ ದೊಡ್ಡ ಮಾತೊಂದಿತ್ತು. ಅದು ಕಂಬದ ತನಕ ಬಂದು ಹಿಂದಕ್ಕೆ ಹೋಗುತ್ತಿತ್ತು.

ಅಷ್ಟರಲ್ಲಿ ಗುರುಲಿಂಗಮ್ಮ ಹಾಸಿಗೆ ಹಿಡಿದಳು. ಕೆಮ್ಮು, ಸಂಜೆ ಸಂಜೆಗೆ ಜ್ವರ, ದಿನದಿನಕ್ಕೆ ಸಣ್ಣಗಾಗುವ ಮೈ. ಆಸ್ಪತ್ರೆಯ ಔಷಧಿ ಆಯಿತು, ನಾಟಿ ವೈದ್ಯ ಆಯಿತು. ಕ್ಷಯಕ್ಕೆ ಆ ಕಾಲದಲ್ಲಿ ಮದ್ದೆಲ್ಲಿ? ದಸ್ತಗಿರಮ್ಮ ಹೊಸ ಹತ್ತಿ ಹಿಂಜಿ ಮೆತ್ತನೆಯ ಗಾದಿ ತುಂಬಿಕೊಟ್ಟಳು. ಅದನ್ನು ಕಂಬದ ಪಕ್ಕದಲ್ಲೇ ಹಾಸಿದರು. ಇವಳು ಮಾತಾಡದೆ ಹೋಗಿಬಿಟ್ಟರೆ ತಾನು ಉಳಿದ ಜನ್ಮವೆಲ್ಲ ಮರದ ಜೋಡಿ ಮಾತಾಡಬೇಕು ಎನ್ನುವುದು ಮರಿಬಸಪ್ಪನಿಗೆ ತಿಳಿದಿತ್ತು.

ಒಂದು ಸಂಜೆ ಹೊತ್ತು ಮುಳುಗುವ ಮುನ್ನ ಅವನು ಹಾಸಿಗೆಯ ಪಕ್ಕ ಕೂತ. ಕಂಬಪ್ಪಾ ಎನ್ನಲು ಬಾಯಿ ತೆರೆದ. ಆ ಹೆಸರು ಬರಲಿಲ್ಲ. ಹೆಗಲ ಮೇಲಿನ ವಲ್ಲಿ ತೆಗೆದ. ಅವಳ ಬಲಗೈ ಮೇಲೆ, ತನ್ನ ಬಲಗೈ ಮೇಲೆ ಹೊದಿಸಿದ.

ಅವಳ ಕೈ ಸೆಟೆದುಕೊಂಡಿತು. ಹಿಂದಕ್ಕೆ ಹೋಗಲಿಲ್ಲ. ಎಲುಬಷ್ಟೇ ಉಳಿದ ಆ ಬೆರಳುಗಳಲ್ಲಿ ನಾಲ್ಕನ್ನು ಅವನು ಹಿಡಿದ.

ನಾಲ್ಕು. ಮಲ್ಲನ ವಯಸ್ಸು ಎಂದು ಗುರುಲಿಂಗಮ್ಮನಿಗೆ ತಿಳಿಯಿತು. ಕಣ್ಣು ಮುಚ್ಚಿಕೊಂಡಳು. ಅವನ ಅಂಗೈಯಲ್ಲಿ ಉಗುರು ಗೀರಿದಳು: ಒಲ್ಲೆ. ಅವನು ಬಿಡಲಿಲ್ಲ. ಮತ್ತೆ ನಾಲ್ಕನ್ನೇ ಹಿಡಿದ.

“ರೀ” ಎಂದಳು ಗುರುಲಿಂಗಮ್ಮ.

ಎಷ್ಟು ವರ್ಷದ ಮೇಲೆ ಕೇಳಿದ ಒಂದಕ್ಷರ.

“ಆವತ್ತು ಕೈ ಯಾಕ ತಗೀಲಿಲ್ರಿ?”

ಬಂಡಿಗಳ ಮಾತು, ರೈತರ ಮಾತು ನಾಲಿಗೆಯ ತುದಿಗೆ ಬಂತು. ಅದು ಸುಳ್ಳಲ್ಲ. ಆದರೆ ಒಳಗೆ ಇದ್ದದ್ದು ಅದಲ್ಲ. ಒಳಗೆ ಏನಿತ್ತೋ ಅದು ಅವನಿಗೂ ಆಗಲೇ ಮೊದಲ ಸಲ ಬಾಯಿಂದ ಹೊರಟು ಕಿವಿಗೆ ಬಿತ್ತು.

“ಅಂಜಿಕಿ ಆತು.”

“ಯಾರ ಅಂಜಿಕಿ?”

“ಮನಿಗೆ ಬರಾಕ ಅಂಜಿಕಿ ಆತು. ದಸ್ತಗಿರಮ್ಮನ ಮಾರಿ ನೋಡಿದ ಕೂಡ್ಲೇ ನನಗ ಗೊತ್ತಾತು. ಕೈ ತಗದ್ರ ಎದ್ದು ಬರಬೇಕು. ಬಂದ್ರ ನೋಡಬೇಕು. ವಲ್ಲಿ ಕೆಳಗ ಕೈ ಇರೋತನಕ... ಇರೋತನಕ ಮಲ್ಲ ಇರ್ತಾನ ಅನಿಸ್ತು.”

ಅವನ ಕೆಳತುಟಿ ಅದುರಿತು. ಆಮೇಲೆ ಗದ್ದ. ಬಹಳ ದಿನ ಮುಚ್ಚಿದ್ದ ಬಾಗಿಲು ಬಿಚ್ಚುವಾಗ ಕಟಕಟ ಎನ್ನುವ ಹಾಗೆ ಆ ಮುಖ ಒಂದೊಂದು ಕಡೆಯಿಂದ ಬಿಚ್ಚಿತು. ನೋಡಲು ಚೆಂದವಿರಲಿಲ್ಲ. ಅಳುವುದನ್ನು ಮರೆತವನ ಅಳು ದನದ ಕೂಗಿನ ಹಾಗೆ ಬಂತು. ನಾಚಿಕೆಯಿಂದ ಮುಖ ಮುಚ್ಚಲು ಕೈ ಎಳೆದುಕೊಳ್ಳಲು ಹೋದ. ಗುರುಲಿಂಗಮ್ಮ ವಲ್ಲಿಯ ಕೆಳಗೆ ಬಿಗಿಯಾಗಿ ಹಿಡಿದಳು.

“ಮುಚ್ಚಬ್ಯಾಡ್ರಿ. ಅಳ್ರಿ. ನಾ ನೋಡ್ತೀನಿ.”

ನೋಡಿದಳು. ಕತ್ತಲಾಗುವ ತನಕ ನೋಡಿದಳು. ಅವಳ ಕಣ್ಣಲ್ಲೂ ನೀರಿತ್ತು. ದನಿಯಲ್ಲಿ ಮಾತ್ರ ಕ್ಷಮೆಯಂಥದ್ದೇನೂ ಇರಲಿಲ್ಲ.

“ನಾ ಮರಿಯಂಗಿಲ್ಲ ನೋಡ್ರಿ. ನನ್ನ ಕೈಲೆ ಆಗಂಗಿಲ್ಲ. ಆದ್ರ ಇನ್ಮ್ಯಾಲ ಕಂಬದ ಜೋಡಿ ಮಾತಾಡಂಗಿಲ್ಲ.”

ಗೋಡೆಯ ಆಚೆ ದಸ್ತಗಿರಮ್ಮನ ಹಿಂಜುವ ಬಿಲ್ಲಿನ ಸದ್ದು ಯಾವಾಗಲೋ ನಿಂತುಹೋಗಿತ್ತು.

ಅದಾದ ವಾರದಲ್ಲಿ ಪೇಟೆಯಲ್ಲಿ ಒಂದು ಸೋಜಿಗ ನಡೆಯಿತು. ಅದೇ ಗೋವಿಂದಪ್ಪನ ಹತ್ತಿ ಬಂದಿತ್ತು. ಮರಿಬಸಪ್ಪ ಬೆಲೆಗೆ ಕೂತ. ಖರೀದಿದಾರ ವಲ್ಲಿಯ ಕೆಳಗೆ ಬೆರಳು ಹಿಡಿದ. ಬೆಲೆ ತೀರ ಕಡಿಮೆ. ಮರಿಬಸಪ್ಪನ ಹುಬ್ಬು ಗಂಟಿಕ್ಕಿತು. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಖರೀದಿದಾರ ಒಂದು ಬೆರಳು ಏರಿಸಿದ. ಮರಿಬಸಪ್ಪನ ಕಣ್ಣಲ್ಲಿ ಸಣ್ಣದೊಂದು ನಿರಾಳ ಮಿಂಚಿತು. ಖರೀದಿದಾರನಿಗೆ ಅಷ್ಟು ಸಾಕಾಯಿತು. ಅಲ್ಲಿಗೇ ನಿಂತ, ಮೇಲೆ ಏರಲೇ ಇಲ್ಲ.

“ಏನಪ್ಪಾ ಕಲ್ಲಪ್ಪಾ, ಹಿಂಗ ಮಾಡಿದಿ?” ಎಂದ ಗೋವಿಂದಪ್ಪ. ಬೈಯಲು ಬಂದವನು ದಲಾಲಿಯ ಮುಖ ನೋಡಿ ಬಂಡಿಯ ಕಡೆ ತಿರುಗಿದ. ಅದರಲ್ಲಿ ಅವನಿಗಿಂತ ಹೆಚ್ಚಿನ ಸಂಕಟ ಕಾಣುತ್ತಿತ್ತು.

ಮುದಿ ಉಚ್ಚೀರಪ್ಪ ಬೇವಿನ ಮರದ ಕೆಳಗೆ ಕೂತು ಎಲ್ಲವನ್ನೂ ನೋಡಿದ್ದ. ಕರೆದ.

“ಲೇ, ನಿನ್ನ ಮಾರಿ ಎದ್ದೈತಿ.”

“ಹೌದ್ರಿ.”

“ಮತ್ತ ಮಲಗಿಸಾಕ ಬರ್ತೈತೇನು?”

“ಇಲ್ರಿ. ನೋಡಿದೆ, ಬರವಲ್ದು.”

“ಹಂಗಾದ್ರ ಈ ಕಸಬು ಮುಗೀತು ನಿಂದು.” ಮುದುಕ ಎಲೆಯಡಿಕೆ ಉಗುಳಿದ. “ಮನಿಗೆ ಹೋಗು. ಆಕಿಗೆ ಇನ್ನ ಸ್ವಲ್ಪ ದಿನ ಐತಿ ಅಂತಾರ.”

ಮರಿಬಸಪ್ಪ ಮನೆಗೆ ಹೋಗಿ ನಡೆದದ್ದನ್ನು ಹೆಂಡತಿಗೆ ಹೇಳಿದ. ಹುಬ್ಬು ಗಂಟಿಕ್ಕಿದ್ದು, ಕಣ್ಣು ಮಿಂಚಿದ್ದು, ಜನ ಬಾಯಿ ಬಿಟ್ಟು ನಿಂತದ್ದು. ಗುರುಲಿಂಗಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮಿನಲ್ಲಿ ಸೆರಗು ಕೆಂಪಾಯಿತು. ಅವನು ಬೆನ್ನು ನೀವುತ್ತ ಕೂತ.

ಹೊಸ ಹತ್ತಿ ಒಡೆಯುವುದಕ್ಕೆ ಮುಂಚೆ ಅವಳು ಹೋದಳು. ಗುಣಿಯಲ್ಲಿ ಕೂರಿಸಿ ವಿಭೂತಿ ಇಟ್ಟಾದ ಮೇಲೆ ಮರಿಬಸಪ್ಪ ಮಣ್ಣು ಹಾಕುವವರನ್ನು ತಡೆದ. ಹೆಗಲ ಮೇಲಿನ ವಲ್ಲಿ ತೆಗೆದು ಅವಳ ಬಲಗೈ ಮೇಲೆ ಹೊದಿಸಿದ. ಅದರ ಕೆಳಗೆ ತನ್ನ ಕೈ ತೂರಿಸಿದ. ಏನು ಹೇಳಿದನೋ ನೋಡಿದವರಿಗೆ ತಿಳಿಯಲಿಲ್ಲ. ಆಮೇಲೆ ಕೈ ತೆಗೆದ. ವಲ್ಲಿಯನ್ನು ಅಲ್ಲೇ ಬಿಟ್ಟ. ಅವನು ಅಳುವುದನ್ನು ಊರೆಲ್ಲ ನೋಡಿತು. ಎರ್ರಮ್ಮ ಬಂದು ಅವನ ಪಕ್ಕ ನಿಂತಳು.

ಪೇಟೆಗೆ ಅವನು ಬರುವುದನ್ನು ಬಿಡಲಿಲ್ಲ. ಬೇರೆ ಎಲ್ಲಿಗೆ ಹೋಗಬೇಕು? ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬಂದು ಉಚ್ಚೀರಪ್ಪನ ಪಕ್ಕದಲ್ಲಿ ಬೇವಿನ ಕೆಳಗೆ ಕೂರುವನು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಸಂಕಟವಾದ ದಿನ “ಇವತ್ತು ಸಂಕಟ ಆಗೈತಿ” ಎಂದು ಹೇಳಿ ಎದ್ದು ಮನೆಗೆ ಹೋಗುವನು. ಒಂದು ದಿನ ತೆಲುಗು ಕಡೆಯ ಹಳೆಯ ವರ್ತಕನೊಬ್ಬ ಬಂದವನು ಅವನ ಬರಿ ಹೆಗಲು ನೋಡಿ ನಿಂತ.

“ಏಮಯ್ಯಾ ಕಲ್ಲಪ್ಪಾ, ಕಂಡುವಾ ಏದಿ? ವಲ್ಲಿ ಎಲ್ಲಿ ಬಿಟ್ಟಿ?”

ಉಚ್ಚೀರಪ್ಪ ಕೇಳಬೇಡ ಎನ್ನುವ ಹಾಗೆ ಅವನಿಗೆ ಕಣ್ಸನ್ನೆ ಮಾಡಿದ. ಮರಿಬಸಪ್ಪ ತಲೆ ಎತ್ತಿ ಆ ವರ್ತಕನನ್ನು ನೋಡಿದ. ಅವನ ಮುಖದಲ್ಲಿ ಇದ್ದದ್ದೆಲ್ಲ ಕಾಣುತ್ತಿತ್ತು.

“ಆಕಿ ಹತ್ರ ಐತಿ” ಎಂದ.